ಪಾಯ ಇಲ್ಲದ ಮನೆ

ಪಂಚಶೀಲಾ ಮನೆಗೆಂದು ಪಾಯ ತೋಡಿಸಿದಾಗಲೆಲ್ಲ ಬೆಳಗಾಗುವುದರೊಳಗೆ ಯಾರೋ ಅದನ್ನು ಮುಚ್ಚಿಬಿಡುತ್ತಿದ್ದರು. ಯಾರೋ ಏನು ಬಂತು, ಆ ಜಾಗದ ಪಕ್ಕದ ಮನೆಯ ಮಾಳಿಂಗನೇ. ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಡುವವರು ಮಾತ್ರ ಯಾರೂ ಇರಲಿಲ್ಲ.

ಘತ್ತರಗಿಯಿಂದ ಸ್ವಲ್ಪ ದೂರದಲ್ಲಿ ಭೀಮಾ ದಂಡೆಯ ಊರು ಅದು. ಹೊಳೆ ಉಕ್ಕಿದರೆ ಮೊದಲು ನುಗ್ಗುವುದು ಪಂಚಶೀಲಾಳ ಕೇರಿಗೆ. ಹೋದ ಸಲ ಅವಳ ತಾಯಿ ಮಲ್ಕಮ್ಮ ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ಹೊರಬಂದಿದ್ದಳು. ಬೆನ್ನ ಹಿಂದೆಯೇ ಗೋಡೆ ಕುಸಿದಿತ್ತು. ಆಮೇಲೆ ಪಂಚಶೀಲಾ ದಿಬ್ಬದ ಮೇಲೆ ಜಾಗ ಕೊಂಡಳು. ಕಾಗದಪತ್ರ ಎಲ್ಲ ನೆಟ್ಟಗಿದ್ದವು. ನೆಟ್ಟಗಿಲ್ಲದ್ದು ದಿಬ್ಬದವರ ಮನಸ್ಸು. ಕೇರಿಯವರು ತಮ್ಮ ಪಕ್ಕದಲ್ಲಿ ಮನೆ ಮಾಡುವುದು ಅವರಿಗೆ ನುಂಗಲಾರದ ತುತ್ತಾಗಿತ್ತು.

"ಮಳಿಗಾಲ ಬರಾಕತ್ತದ. ಬಿಟ್ಟಬಿಡು ಮಗಳ," ಎಂದಳು ಮಲ್ಕಮ್ಮ.

"ಪಾಯ ಮುಚ್ತಾರಂದ್ರ ಪಾಯ ಇಲ್ಲದ ಮನಿ ತರ್ತೇನಿ, ಯವ್ವಾ."

ಅದು ಬರೀ ಬಾಯಿಮಾತಲ್ಲ. ಗಂಡ ತೀರಿಕೊಂಡ ಮೇಲೆ ಮುಂಬಯಿ ಕಡೆ ದುಡಿಯಲು ಹೋದವಳು, ಅಲ್ಲಿಯ ಯಾರ್ಡಿನಲ್ಲಿ ಹಳೆಯ ಕಂಟೇನರುಗಳಿಗೆ ಬಾಗಿಲು, ಕಿಟಕಿ ಕೊರೆಯುವ ಕೆಲಸ ಕಲಿತಿದ್ದಳು. ಹಡಗಿನಲ್ಲಿ ಸಾಮಾನು ಹೊತ್ತು ಸವೆದ ಕಬ್ಬಿಣದ ಪೆಟ್ಟಿಗೆಗಳು ಅವಳ ಕೈಯಲ್ಲಿ ಅಂಗಡಿಯಾಗಿದ್ದವು, ಆಫೀಸಾಗಿದ್ದವು. ಯಾರ್ಯಾರಿಗೋ ಸೂರು ಮಾಡಿಕೊಟ್ಟ ಕೈಗೆ ಹೆತ್ತ ತಾಯಿಗೊಂದು ಮಾಡಿಕೊಡುವುದು ದೊಡ್ಡದೇ?

ಬೇಸಿಗೆ ಮುಗಿಯುವ ಮೊದಲೇ ಒಂದು ಮುಂಜಾನೆ ಲಾರಿ ಬಂತು, ಅದರ ಹಿಂದೆ ಕ್ರೇನ್. ದಿಬ್ಬದವರು ಬಾಯಿ ತೆರೆದುಕೊಂಡು ನೋಡುತ್ತಿದ್ದಂತೆಯೇ ನೀಲಿ ಕಂಟೇನರೊಂದು ಬಂಡೆಗಲ್ಲುಗಳ ಮೇಲೆ ಕೂತಿತು. ಕಾದ ಕಬ್ಬಿಣದಲ್ಲಿ ತಾಯಿ ಬೇಯಬಾರದೆಂದು ಪಂಚಶೀಲಾ ಬಿಸಿಲು ಬೀಳುವ ಗೋಡೆಗಳಿಗೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ ಮಣ್ಣು ಮೆತ್ತಿದಳು, ಮೇಲೆ ಜೋಳದ ದಂಟು ಹೊದಿಸಿದಳು. ಒಳಗೆ ಬುದ್ಧನ ಪಟ ತೂಗುಹಾಕಿದಳು. ಮಾಳಿಂಗನ ಅಂಗಳಕ್ಕೆ ಮುಖ ಮಾಡಿದ ಗೋಡೆಯನ್ನು ಮಾತ್ರ ಹಾಗೇ ಬಿಟ್ಟಳು. ಅಲ್ಲೊಂದು ಕಿಟಕಿ ಇದ್ದರೆ ಗಾಳಿ ಆಡುತ್ತಿತ್ತು. ಆದರೆ "ಅವರ ಕಣ್ಣಿಗೆ ನಾವ್ಯಾಕ ಬೀಳಬೇಕು" ಎಂದು ಮಲ್ಕಮ್ಮ ಬೇಡಿಕೊಂಡಿದ್ದಳು.

ಒಳಗೆ ಕಾಲಿಟ್ಟ ದಿನವೇ ಮಾಳಿಂಗ ನಾಲ್ಕು ಜನರನ್ನು ಕಟ್ಟಿಕೊಂಡು ಟ್ರ್ಯಾಕ್ಟರ್, ಸರಪಳಿ ತಂದ.

"ಇದೇನ್ ಮನಿ ಅಲ್ಲ ಬೇ, ಡಬ್ಬಿ. ಡಬ್ಬಿ ಎಳದ್ರ ಯಾರೂ ಕೇಳಂಗಿಲ್ಲ."

ಪಂಚಶೀಲಾ ಒಳಗೆ ಹೋಗಿ ಒಲೆ ಹೊತ್ತಿಸಿ ರೊಟ್ಟಿಯ ಹಂಚು ಇಟ್ಟಳು. ಮಲ್ಕಮ್ಮ ರೊಟ್ಟಿ ಬಡಿಯತೊಡಗಿದಳು. ಆ ಸದ್ದು ಕಬ್ಬಿಣದ ಗೋಡೆಗಳಲ್ಲಿ ದೊಡ್ಡದಾಗಿ ದಿಬ್ಬಕ್ಕೆಲ್ಲ ಕೇಳಿಸಿತು, ಬಾಗಿಲಿನಿಂದ ಹೊಗೆ ಹೊರಟಿತು. ಸರಪಳಿ ಬಿಗಿಯಲು ಬಗ್ಗಿದವರು ಎದ್ದು ನಿಂತರು. ಒಲೆ ಹತ್ತಿದ ಮನೆಗೆ ಕೈ ಹಚ್ಚಬಾರದೆಂಬುದು ಆ ಊರಿನ ಕಟ್ಟಳೆ. ಪಾಲಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರೂ ಉರಿಯುವ ಒಲೆಯನ್ನು ಮುಟ್ಟುತ್ತಿರಲಿಲ್ಲ.

"ಎಳೀರಲೇ," ಎಂದ ಮಾಳಿಂಗ.

ಅವನ ತಾಯಿ ಸಕ್ಕುಬಾಯಿ ತಮ್ಮ ಕಟ್ಟೆಯ ಮೇಲಿಂದಲೇ, "ಒಲಿ ಹತ್ತ್ಯಾದ. ಮನಿ ಅದು. ಸರಪಳಿ ಬಿಚ್ಚು," ಎಂದಳು. ಪ್ರೀತಿಯಿಂದ ಹೇಳಿದ್ದಲ್ಲ, ಮುಖ ಹಾಗಲಕಾಯಿ ಅಗಿದವರಂತಿತ್ತು.

ಸರಪಳಿ ಬಿಚ್ಚಿದರು. ಹೋಗುವಾಗ ಮಾಳಿಂಗ, "ಇದ್ಕೋ ಹೋಗು. ಆದ್ರ ನಮ್ ಕಡಿ ಮುಖ ತೋರಸಬ್ಯಾಡ," ಎಂದ.

ಅಷ್ಟು ಹೊತ್ತು ತಣ್ಣಗಿದ್ದ ಪಂಚಶೀಲಾಳಿಗೆ ಆಗ ಸಿಟ್ಟು ನೆತ್ತಿಗೇರಿತು. ಅವನು ಹೇಳುವ ಮೊದಲೇ ತಾನೇ ಕಿಟಕಿ ಇಡದೆ ಬಿಟ್ಟಿದ್ದ ಗೋಡೆಯನ್ನು ನೋಡಿ ನಾಚಿಕೆಯೂ ಆಯಿತು. ಕಬ್ಬಿಣ ಕೊರೆಯುವ ಗ್ಯಾಸ್ ಕಟರ್ ಎತ್ತಿಕೊಂಡಳು. ತಾಯಿ ತಡೆಯುತ್ತಾಳೆಂದುಕೊಂಡಳು. ಆದರೆ ಮಲ್ಕಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಒಂದು ಇದ್ದಿಲು ಹಿಡಿದು ಆ ಗೋಡೆಯ ಮೇಲೆ ಗೆರೆ ಎಳೆದಳು. ಗೆರೆ ಬಾಗಿಲಿಗಿಂತಲೂ ಅಗಲವಾಗಿತ್ತು.

"ಇಷ್ಟ ದೊಡ್ಡ ಕಿಟಕಿ ಯಾಕ, ಯವ್ವಾ?"

"ನಾವಿಬ್ಬರೂ ಅವರಿಗೆ ಕಾಣಬೇಕಲ್ಲ," ಎಂದಳು ಮಲ್ಕಮ್ಮ. "ಕೊರಿ."