ಕೇಳದೆ ಏಳದಾಕೆ

ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಹೊಲಿಗೆ ಮಿಷನ್ನು, ಅಕ್ಕಲಕೋಟ ಕಡೆಯ ಚಪಳಗಾಂವದಿಂದ ಬರುತ್ತಿದ್ದ ಅಕ್ಕನದು. ದಾರ ಹಿಡಿದಂತೆ ನೆಟ್ಟಗೆ ಅಂಚು ಹೊಲಿಯುತ್ತಿದ್ದ ಆಕೆಗೆ ಕೂತಲ್ಲಿಂದ ಏಳಲು ಮಾತ್ರ ಅಂಜಿಕೆ. ಬಾಯಾರಿದರೆ ಹೆಬ್ಬೆರಳನ್ನು ತುಟಿಗೆ ಹಿಡಿದು ಕಾರ್ಖಾನೆಯ ಮ್ಯಾನೇಜರನನ್ನು ಕೇಳುವಳು: “ಸಾಹೇಬ್ರ, ನೀರ ಕುಡದ ಬರ್ಲೇನ್ರಿ?”

ಆತ ತಲೆಯೆತ್ತದೆ ಅನ್ನುವನು: “ಹೋಗು, ಲಗೂನ ಬಾ.”

ನನಗೆ ಮೈ ಉರಿಯುತ್ತಿತ್ತು. “ನೀರಿಗೂ ಕೇಳಬೇಕೇನ ಅಕ್ಕಾ?” ಅಂದರೆ, “ಕೇಳಿದ್ರ ಬಾಯಿ ಸವೀತದೇನ ತಂಗಿ?” ಎಂದು ನಗುವಳು.

ಒಂದು ಮುಂಜಾನೆ ನಮ್ಮ ಹದಿನಾಲ್ಕು ಹೆಂಗಸರನ್ನು ಗೇಟಿನಲ್ಲೇ ತಡೆದರು. ಕೆಲಸ ಮುಗಿಯಿತು, ನೀವು ಗುತ್ತಿಗೆದಾರನ ಮಂದಿ, ಏನಿದ್ದರೂ ಅವನನ್ನು ಕೇಳಿ ಎಂದರು. ಆ ಗುತ್ತಿಗೆದಾರನ ಮುಖವನ್ನು ನಾವ್ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ.

ನಾವು ಕಾರ್ಖಾನೆಯ ಮೇಲೆ ದಾವೆ ಹೂಡಿದೆವು. ಕಾರ್ಮಿಕ ನ್ಯಾಯಾಲಯದಲ್ಲಿ ಮ್ಯಾನೇಜರ್, ಈ ಹೆಂಗಸರಿಗೆ ತಾನೆಂದೂ ಕೆಲಸ ಹೇಳಿದವನಲ್ಲ ಎಂದು ಸಾಕ್ಷಿ ನುಡಿದ. ಆ ಹೇಳಿಕೆಗೆ ಆತ ಬಗ್ಗಿ ಸಹಿ ಮಾಡುತ್ತಿದ್ದಾಗ ಅಕ್ಕನಿಗೆ ಬಾಯಾರಿತು. ನ್ಯಾಯಾಧೀಶರ ಕಡೆ ಆಕೆ ನೋಡಲೇ ಇಲ್ಲ. ಹೆಬ್ಬೆರಳು ತಾನಾಗಿಯೇ ತುಟಿಗೆ ಹೋಯಿತು.

“ಸಾಹೇಬ್ರ, ನೀರ ಕುಡದ ಬರ್ಲೇನ್ರಿ?”

“ಹೋಗು, ಲಗೂನ ಬಾ,” ಎಂದ ಆತ, ಸಹಿ ಮಾಡುತ್ತಲೇ.

ನ್ಯಾಯಾಧೀಶರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಆಮೇಲೆ ಗುಮಾಸ್ತನಿಗೆ, “ಇದನ್ನೂ ಬರಕೋರಿ,” ಅಂದರು.

ಕಾರ್ಖಾನೆಯೇ ನಮ್ಮ ಮಾಲಕ ಎಂದು ತೀರ್ಪಾಗಿ ಮರಳಿ ಕೆಲಸಕ್ಕೆ ಹೋದ ದಿನ, ಅಕ್ಕ ಎಂದಿಗಿಂತ ಗಟ್ಟಿಯಾಗಿ ಕೇಳಿದಳು. ಮ್ಯಾನೇಜರ್ ಏನನ್ನುತ್ತಾನೆಂದು ಕೇಳಲು ನಾವು ಹದಿಮೂರೂ ಮಂದಿ ಮಿಷನ್ ನಿಲ್ಲಿಸಿ ಕೂತಿದ್ದೆವು.