ಕಾರಣ ನುಂಗಿದ ಪರದೆ

“ತಾಂತ್ರಿಕ ದೋಷ ಅಂದ್ರ ಕಾರಣ ಅಲ್ರಿ. ಖರೇ ಏನಾಗ್ಯದ ಹೇಳೋತನಾ ನಾ ಏಳಂಗಿಲ್ಲ” ಎಂದು ಸರಸಂಬಾದ ರೈತ ಮಹಿಳೆ ಶಹನಾಜ್ ಬೀ ಆಳಂದದ ತೊಗರಿ ಖರೀದಿ ಕೇಂದ್ರದ ನೋಂದಣಿ ಕೌಂಟರಿನ ಮುಂದೆ ಕೂತುಬಿಟ್ಟರು. ಕೈಯಲ್ಲಿ ಹೋದ ವರ್ಷ ನೋಂದಣಿ ಆಗದಿದ್ದಾಗ ಇದೇ ಕೌಂಟರಿನಲ್ಲಿ ಕೊಟ್ಟ ಚೀಟಿ ಇತ್ತು. ಅದರಲ್ಲಿ ‘ಪಹಣಿಯಲ್ಲಿ ಹೆಸರು ಬೇರೆ ಇದೆ’ ಎಂದಿತ್ತು. ಅದನ್ನು ತೋರಿಸಿಯೇ ಹೆಸರು ಸರಿ ಮಾಡಿಸಿಕೊಂಡಿದ್ದರಂತೆ.

ಕೌಂಟರಿನ ನೋಂದಣಿ ತಂತ್ರಾಂಶ ಬರೆದವಳು ನಾನೇ, ಪಕ್ಕದಲ್ಲೇ ನಿಂತಿದ್ದೆ. ಹೊಸ ಆವೃತ್ತಿಯಲ್ಲಿ ಪರದೆ ಚೊಕ್ಕಟವಾಗಿ ಕಾಣಲೆಂದು ಎಲ್ಲ ತಪ್ಪುಗಳಿಗೂ ಒಂದೇ ಸಂದೇಶ ಹಾಕಿ, ಒಳಗಿಂದ ಬರುವ ಮೂಲ ಕಾರಣವನ್ನು ಬಿಸಾಡಿದ್ದೆ. ಅಲ್ಲೇ ಕೂತು ತಿದ್ದಿದೆ. ‘ಈ ಸರ್ವೆ ನಂಬರ್ ಇನ್ನೊಬ್ಬರ ಹೆಸರಿಗೆ ನೋಂದಣಿಯಾಗಿದೆ’ ಎಂದು ಬಂತು. ಹಾಗೆಂದು ಮುದ್ರಿಸಿದ ಹೊಸ ಚೀಟಿ ಹಿಡಿದೇ ಅವರು ಎದ್ದರು.

ಸಂದೇಶ ಉದ್ದವಾಯಿತು, ‘ತಾಂತ್ರಿಕ ದೋಷ’ ಎಂದರೆ ಸಾಕು ಎಂದು ಮೇಲಿನವರು ಹೇಳುತ್ತಿದ್ದಾರೆ. ನಾನೂ ಶಹನಾಜ್ ಬೀ ಅವರಂತೆ ಕೂತುಬಿಟ್ಟಿದ್ದೇನೆ.