ಕಷ್ಟ ಕಲಿಯಲು ಹೊರಟ ನನ್ನ ಮೊಮ್ಮಗಳು

ನನ್ನ ಮೊಮ್ಮಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಅವಳಿಗೆ ಕಷ್ಟವೇ ಇರಲಿಲ್ಲ.

ಇದು ನನ್ನ ಮಾತಲ್ಲ, ಅವಳೇ ಹೇಳಿಕೊಂಡು ಅತ್ತದ್ದು. ಕನ್ನಡ ಎಂ.ಎ. ಕೊನೆಯ ವರ್ಷ, ಒಂದು ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಕಷ್ಟದಲ್ಲಿ ಬೆಳೆಯುವ ಮಕ್ಕಳನ್ನು ನಮ್ಮ ಕಾದಂಬರಿಗಳು ಹೇಗೆ ತೋರಿಸಿವೆ ಅನ್ನುವುದು ವಿಷಯ. ಇವಳು ರಾಶಿ ಪುಸ್ತಕ ಓದಿ, ಮೂಗು ಒರೆಸಿಕೊಂಡು ಬರೆದುಕೊಟ್ಟಳು. ಗೈಡ್ ಮೇಡಂ ವಾಪಸ್ ಕೊಟ್ಟರಂತೆ. 'ಇದರಲ್ಲಿ ಕಣ್ಣೀರು ಬಿಟ್ಟರೆ ನಿನ್ನದು ಅಂತ ಏನಿದೆಯಮ್ಮ?'

"ಅವರು ಹೇಳಿದ್ದು ಸರಿ ಅಜ್ಜಿ. ನಾನು ಯಾವ ಕಷ್ಟ ಪಟ್ಟಿದೀನಿ? ಈ ಸಲಾನೂ ಒಪ್ಪಲಿಲ್ಲ ಅಂದ್ರೆ ಎಂ.ಎ. ಬಿಟ್ಟುಬಿಡ್ತೀನಿ."

ಬಿಟ್ಟುಬಿಡುವುದೆಂದರೇನು! ನಮ್ಮ ವಂಶದಲ್ಲಿ ಅಷ್ಟು ದೂರ ಓದಿದವಳು ಇವಳೊಬ್ಬಳೇ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಕಷ್ಟ ತಾನೇ ಬೇಕು? ದಿನಾ ಬೆಳಗ್ಗೆ ಐದಕ್ಕೆದ್ದು ಬಾಗಿಲಿಗೆ ನೀರು ಹಾಕು. ಎರಡು ದಿನದಲ್ಲಿ ದೊಡ್ಡ ಸಾಹಿತಿ ಆಗ್ತೀಯ."

"ಹೋಗಜ್ಜಿ! ನಿನಗೆಲ್ಲ ತಮಾಷೆ."

ಮಾರನೆಯ ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ನೋಡುತ್ತೇನೆ, ಹುಡುಗಿ ಚಾಪೆ ಸುತ್ತಿಕೊಂಡು ಗೇಟಿನಾಚೆ ಹೊರಟಿದ್ದಾಳೆ. ಅವಳು ಓದಿದ ಪುಸ್ತಕಗಳಲ್ಲಿ ಬಡವರ ಮಕ್ಕಳು ಬೀದಿದೀಪದ ಕೆಳಗೆ ಓದುತ್ತಾರಂತೆ. ಅದು ಹೇಗಿರುತ್ತದೆ ಅಂತ ತಿಳಿದುಕೊಳ್ಳಬೇಕಂತೆ. ಹೋಗಲಿ ಬಿಡು, ಸೊಳ್ಳೆ ಕಚ್ಚಿದರೆ ತಾನೇ ಬರುತ್ತಾಳೆ ಅಂದುಕೊಂಡು ನಾನು ಒಗ್ಗರಣೆಗೆ ನಿಂತೆ.

ಒಗ್ಗರಣೆ ಸಿಡಿಯುವುದಕ್ಕೆ ಮುಂಚೆಯೇ ಮೇಲಿನ ಮನೆಯ ಬಾಡಿಗೆಯವಳು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳ್ಳೆಯ ಹೆಂಗಸು. ಬಾಡಿಗೆ ಕೊಡುವುದು ತಡವಾದರೂ ಬುದ್ಧಿ ಹೇಳುವುದು ತಡ ಮಾಡುವವಳಲ್ಲ.

"ಅಜ್ಜಿ, ವಯಸ್ಸಿಗೆ ಬಂದ ಹುಡುಗಿ. ಏನೋ ತಪ್ಪು ಮಾಡಿರ್ತಾಳೆ. ಅದಕ್ಕೆ ಅಂತ ಮನೆಯಿಂದ ಆಚೆ ಹಾಕ್ತಾರಾ?"

"ಯಾರಮ್ಮಾ ಹಾಕಿದ್ದು? ಅವಳೇ ಕಷ್ಟ ಪಡೋಕೆ ಹೋಗಿದಾಳೆ!"

"ನೋಡಿದ್ರಾ, ಇನ್ನೂ ಕೋಪ ಇಳಿದಿಲ್ಲ ನಿಮಗೆ."

ಓಡಿ ಹೋಗಿ ಗೇಟಿನಲ್ಲಿ ನಿಂತೆ. ಮೊಮ್ಮಗಳ ತೊಡೆಯ ಮೇಲೆ ಆಗಲೇ ಒಂದು ಡಬ್ಬಿ ಚಿತ್ರಾನ್ನ. ಎದುರು ಮನೆಯ ಅಂಕಲ್ ತಮ್ಮ ಗೇಟಿನ ದೊಡ್ಡ ದೀಪವನ್ನೂ ಹಾಕಿಬಿಟ್ಟು, ಸೊಳ್ಳೆಬತ್ತಿ ಹಚ್ಚಿಟ್ಟು ಕೇಳುತ್ತಿದ್ದರು:

"ಯಾವ ಸಬ್ಜೆಕ್ಟ್ ಹೋಯ್ತು ಮಗಾ? ಹೋಗ್ಲಿ ಬಿಡು. ನಮ್ಮನೇಲಿ ಇಬ್ಬರಿದಾರೆ, ಅವರು ಪಾಸಾದಾಗಲೇ ನಮಗೆ ಗಾಬರಿ ಆಗೋದು."

ಸ್ವಲ್ಪ ಹೊತ್ತಿಗೆ ನನ್ನ ಮೊಮ್ಮಗಳು ಚಾಪೆ, ಚಿತ್ರಾನ್ನ, ಸೊಳ್ಳೆಬತ್ತಿ ಎಲ್ಲವನ್ನೂ ಹೊತ್ತುಕೊಂಡು ಮುಖ ಊದಿಸಿಕೊಂಡು ಒಳಗೆ ಬಂದಳು.

"ನೆಮ್ಮದಿಯಾಗಿ ಕಷ್ಟ ಪಡೋಕೂ ಬಿಡಲ್ಲ ಈ ಜನ!"

ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ನಗು ನಿಂತ ಮೇಲೆ ಒಂದು ಮಾತು ಹೊಳೆಯಿತು.

"ಅಲ್ವೇ, ನಿನ್ನ ಪುಸ್ತಕದಲ್ಲಿ ಹುಡುಗ ದೀಪದ ಕೆಳಗೆ ಕೂತಾಗ ಯಾರೂ ಬಂದು ಕೇಳಲ್ವಾ?"

"ಇಲ್ಲ. ಅವನೊಬ್ಬನೇ ಓದ್ತಾನೆ."

"ಯಾವ ಬೀದಿನೇ ಅದು? ಜನ ಇರಲಿಲ್ವಾ?"

ಅವಳು ಡಬ್ಬಿ ತೆರೆದು ಚಿತ್ರಾನ್ನ ತಿನ್ನತೊಡಗಿದಳು. ಅವಳ ಪಕ್ಕ ಕೂತು ನನ್ನ ಕಥೆ ಹೇಳಿದೆ.

ಈ ಬಡಾವಣೆ ಇನ್ನೂ ಹಳ್ಳಿಯಾಗಿತ್ತು ಆಗ. ನಮ್ಮ ಹೊಲ ಇದ್ದ ಕಡೆ ಈಗ ಜಿಮ್ ಇದೆ. ಅಪ್ಪ ಕಾಲು ಮುರಿದುಕೊಂಡು ಮಲಗಿದ್ದ ವರ್ಷ ಅವ್ವ ಕೂಲಿಗೆ ಹೋಗುತ್ತಿದ್ದಳು. ನಾವು ಮಕ್ಕಳು ಗಂಜಿ ಕುಡಿದು ಬೀದಿ ಸುತ್ತುತ್ತಿದ್ದೆವು. ಅವರೆಕಾಯಿ ಕಾಲ ಬಂದರೆ ದೊಡ್ಡ ಮನೆಯ ಜಗಲಿಯಲ್ಲಿ ನೆನೆಸಿದ ಕಾಳಿನ ಬುಟ್ಟಿ ಇಡುವರು. ಒಂದೊಂದೇ ಕಾಳು ಹಿತುಕಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದಕ್ಕೆ ಎಷ್ಟು ಕೈ ಇದ್ದರೂ ಸಾಲದು. ಆ ಮನೆಯೊಡತಿ ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ.

"ಬಾರೇ ಇಲ್ಲಿ ಬೀದಿಬಸವಿ! ಕೈ ಬೀಸ್ಕೊಂಡು ತಿರುಗ್ತಾಳೆ. ಕೂತ್ಕೊಂಡು ಹಿತುಕು."

ಹಿತುಕಿದ ಮೇಲೆ ಬಿಸಿ ಮುದ್ದೆ, ಬೇಳೆ ಸಾರು. "ಹಿತುಕಿದ್ದು ಹಿಡಿಯಷ್ಟು, ತಿಂದಿದ್ದು ಮೊರದಷ್ಟು!" ಅಂತ ಎಲ್ಲರೆದುರು ಆಡಿಕೊಂಡೇ ಇನ್ನೊಂದು ಸೌಟು ಸುರಿಯುವಳು. ಹೊರಡುವಾಗ ಒಂದು ಪಾತ್ರೆ ಸಾರು ಕೈಗಿಟ್ಟು, "ನಿಮ್ಮವ್ವನಿಗೆ ಹೇಳು, ಪಾತ್ರೆ ನೆಟ್ಟಗೆ ಬೆಳಗಿ ಕಳಿಸ್ಲಿ. ಹೋದ ಸಲ ಮಸಿ ಹಂಗೇ ಇತ್ತು" ಅನ್ನುವಳು.

ಅವ್ವನಿಗೆ ಉರಿದುಹೋಗುತ್ತಿತ್ತು. ಮುಖ ಕಾಣುವ ಹಾಗೆ ಆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತಾನೇ ಹೋಗಿ ಜಗಲಿಯ ಮೇಲೆ ಠಣ್ಣನೆ ಇಟ್ಟು ಬರುತ್ತಿದ್ದಳು.

"ಪಾತ್ರೆ ಮೇಲೆ ಸಿಟ್ಟು ಬಂದ ಮೇಲೆ, ಸಾರು ಉಣ್ಣೋಕೆ ನಾಚಿಕೆ ಎಲ್ಲಿಂದ ಬರುತ್ತೆ ಹೇಳು? ಕೊಡೋರು ಬೈಕೊಂಡೇ ಕೊಡ್ತಿದ್ರು ಕಣೇ. ನಾವು ತಲೆ ಎತ್ಕೊಂಡೇ ತಿಂತಿದ್ವಿ."

ಮೊಮ್ಮಗಳು ಕೈ ತೊಳೆಯದೆ ಕೂತುಬಿಟ್ಟಳು. ಆಮೇಲೆ ಕೇಳಿದಳು, "ಅಜ್ಜಿ, ಆ ಜಗಲಿಗೆ ಎಲ್ಲಾ ಮಕ್ಕಳನ್ನೂ ಕರೀತಿದ್ರಾ?"

ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದೆ.

"ಇಲ್ಲ. ಆಚೆ ಕೇರಿ ಮಕ್ಕಳು ಬೇಲಿ ಹತ್ರ ನಿಂತು ನೋಡ್ತಿದ್ವು. ಅವರನ್ನ ಬೈಯೋಕೂ ಯಾರೂ ಒಳಕ್ಕೆ ಕರೀಲಿಲ್ಲ."

ಅವಳು ಎದ್ದು ಪುಸ್ತಕಗಳ ಮುಂದೆ ಕೂತಳು. ಓದಿದ್ದನ್ನೇ ಮತ್ತೆ ಓದತೊಡಗಿದಳು. ಈ ಸಲ ಅಳು ಇಲ್ಲ. ಮಗುವಿಗೆ ಊಟ ಕೊಟ್ಟವರು ಯಾರು, ಕೊಡುವಾಗ ಏನಂದರು, ಯಾರ ಮನೆಯ ಬಾಗಿಲು ತೆರೆಯಲಿಲ್ಲ, ಅಷ್ಟನ್ನೇ ಹುಡುಕಿದಳು. ನಾನು ಕಾಫಿ ಇಟ್ಟು ಬರುವೆ, ತಣ್ಣಗಾದ ಲೋಟ ತೆಗೆದುಕೊಂಡು ಬರುವೆ. ಒಂದು ದಿನ ಒಳಗಿಂದ ಕೂಗು ಬಂತು.

"ಅಜ್ಜೀ! ಇಲ್ಲೊಬ್ಬ ಹೋಟೆಲ್ ಅಡುಗೆಯವನು ಹುಡುಗನಿಗೆ ದಿನಾ ಬೈತಾನೆ. ಕ್ರೂರಿ ಅಂತ ಬರೆದುಬಿಟ್ಟಿದ್ದೆ ನಾನು. ಆದ್ರೆ ಪ್ರತೀ ಸಲ ಬೈದ ಮೇಲೆ ಒಂದು ದೋಸೆ ಜಾಸ್ತಿ ಹಾಕ್ತಾನೆ!"

"ಅಯ್ಯೋ ಪಾಪ. ಅವನ ಹತ್ರ ಕ್ಷಮೆ ಕೇಳ್ಕೊಂಡು ತಿದ್ದಿ ಬರಿ."

ಬರೆದಳು. ಬೈದು ಉಣಿಸುವವರು ಇರುವ ಕಾದಂಬರಿಯ ಮಕ್ಕಳು ಒಂದು ಬಗೆ, ಬೇಲಿಯಾಚೆ ನಿಂತವರನ್ನು ಕುರಿತ ಕಾದಂಬರಿಯ ಮಕ್ಕಳೇ ಇನ್ನೊಂದು ಬಗೆ, ಎರಡಕ್ಕೂ ಒಂದೇ ಕಣ್ಣೀರು ಸುರಿಸಬಾರದು ಅಂತ ಬರೆದಳು. ನನಗೆ ಓದಿ ಹೇಳಿದಾಗ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ತಲೆ ಅಲ್ಲಾಡಿಸಿದೆ.

ಪ್ರಬಂಧದ ಮೇಲೆ ಪ್ರಶ್ನೆ ಕೇಳುವ ದಿನ ನಾನೂ ಹಟ ಹಿಡಿದು ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಸ್ವಲ್ಪ ತೆರೆದಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರ ಗಡಸು ದನಿ ಕೇಳಿಸಿತು:

"ಬೈಗುಳವನ್ನ ಪ್ರೀತಿ ಅಂತೀಯಲ್ಲಮ್ಮ, ಬೈಗುಳ ಬರೀ ಬೈಗುಳವೇ ಆಗಿದ್ರೆ?"

ನಾನು ಬೆಂಚಿನ ತುದಿಗೆ ಸರಿದು ಬಾಗಿಲಿಗೆ ಕಿವಿ ಕೊಟ್ಟೆ.

"ಬೈದ ಮೇಲೆ ತಟ್ಟೆಗೆ ಏನು ಬಿತ್ತು ಅಂತ ನೋಡ್ಬೇಕು ಸಾರ್," ಅಂದಳು ನನ್ನ ಮೊಮ್ಮಗಳು. "ಏನೂ ಬೀಳದೇ ಇದ್ರೆ ಅದು ಬೈಗುಳವೇ. ಅಂಥವೂ ಇವೆ, ಕೊನೇ ಅಧ್ಯಾಯದಲ್ಲಿ ಬರೆದಿದೀನಿ."

ಗಡಸು ದನಿ ನಕ್ಕಿತು. ಗೈಡ್ ಮೇಡಂ ಕೂಡ ನಕ್ಕರು. ನಾನು ಹೊರಗೆ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಹುಡುಗಿ ಸ್ವಲ್ಪ ದೂರ ಸರಿದು ಕೂತಳು.

ಅವಳು ಆಚೆ ಬಂದಳು. ಹಿಂದೆಯೇ ಬಂದ ಮೇಡಂ ಹೇಳಿದರು, "ಇದು ಅವಳದೇ ಬರಹ ಅಮ್ಮ. ಮುಂದೆ ಪಿಎಚ್‌ಡಿಗೂ ಬಾ ಅಂದಿದೀವಿ."

"ಎಲ್ಲಾ ನಾನೇ ಹೇಳಿಕೊಟ್ಟಿದ್ದು ಮೇಡಂ," ಅಂದೆ.

"ಅಜ್ಜೀ!"

"ಇಲ್ಲ ಇಲ್ಲ, ಜಗಲಿಗೆ ಎಲ್ಲಾ ಮಕ್ಕಳನ್ನೂ ಕರೀತಿದ್ರಾ ಅನ್ನೋ ಒಂದು ಪ್ರಶ್ನೆ ಅವಳದು. ಅದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ."

ಮೆಟ್ರೊದಲ್ಲಿ ಅವಳು ನನ್ನ ಮೊಣಕೈ ತಿವಿಯುತ್ತಲೇ ಇದ್ದಳು. ಆದರೂ ಬನಶಂಕರಿಯಲ್ಲಿ ಇಳಿಯುವಷ್ಟರಲ್ಲಿ, ನನ್ನ ಮೊಮ್ಮಗಳ ಪ್ರಬಂಧ ಒಪ್ಪಿದರು ಅನ್ನುವುದು ಆ ಬೋಗಿಯಲ್ಲಿ ತಿಳಿಯದವರು ಯಾರೂ ಉಳಿದಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಒಬ್ಬನಿಗೆ ಭುಜ ತಟ್ಟಿ ಹೇಳಿದೆ.